ಅತ್ತೆಮನೆಯ ಭಾಷೆ

"ಅರ್ಥ ಆಗ್ಲಿಲ್ಲ ಅಂತ ಮುಖ ಸಣ್ಣ ಮಾಡ್ಬೇಡ. ನಾನು ನಕ್ಕಾಗ ನಗು, ಸಾಕು," ಎಂದ ಫಿಲ್ಬರ್ಟ್, ತನ್ನ ಅಮ್ಮನ ಮನೆಯ ಮೆಟ್ಟಿಲು ಹತ್ತುತ್ತ.

"ಊಟ ಸಿಕ್ಕಾಗ ಮಾತ್ರ ತಾನೇ ನೀನು ನಗೋದು?" ಎಂದಳು ಜರ್ಲಿನ್.

ಅವನು ಓರೆಗಣ್ಣಿನಿಂದ ನೋಡಿದ. ಪ್ರೀತಿಸತೊಡಗಿ ಎರಡು ವರ್ಷವಾದರೂ ಆ ನೋಟಕ್ಕೆ ಅವಳ ಕಿವಿ ಬಿಸಿಯಾಗುವುದು ನಿಂತಿರಲಿಲ್ಲ.

ಡೊಮಿನಿಕಾ ದ್ವೀಪದ ಉತ್ತರದಲ್ಲಿ ಅವರಿಬ್ಬರ ಊರುಗಳ ನಡುವೆ ಬಸ್ಸಿನಲ್ಲಿ ಒಂದು ಗಂಟೆಯೂ ಇಲ್ಲ. ಅವಳ ವೆಸ್ಲಿಯಲ್ಲಿ ಆಡುವ ಭಾಷೆ ಕೊಕೊಯ್, ಅವನ ವ್ಯೇಕಾಜ್‌ನಲ್ಲಿ ಕ್ವೆಯೋಲ್. ಇಬ್ಬರೂ ಪ್ರೀತಿಸಿದ್ದು ಶಾಲೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ.

ಅವನಿಗೆ ಗೊತ್ತಿಲ್ಲದ ಗುಟ್ಟೊಂದು ಅವಳಲ್ಲಿತ್ತು. ಎಂಟು ತಿಂಗಳಿಂದ ನರ್ಸ್ ಜರ್ಲಿನ್ ಮುದುಕಿಯೊಬ್ಬಳ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟುತ್ತ ಅವಳಿಂದ ಕ್ವೆಯೋಲ್ ಕಲಿಯುತ್ತಿದ್ದಳು. ಅತ್ತೆಯಾಗುವವಳ ಜೊತೆ ಅವಳದೇ ಮಾತಿನಲ್ಲಿ ಮಾತಾಡಬೇಕು, ಫಿಲ್ಬರ್ಟ್ ಬಾಯಿ ಬಿಟ್ಟುಕೊಂಡು ನೋಡಬೇಕು. ಇವತ್ತೇ.

ಅವನ ತಾಯಿ ಮಾ ಎಲ್ವೀರಾ ಕೆಸುವಿನೆಲೆಯ ಸಾರು ಬಡಿಸಿ, ಸುಟ್ಟ ಜೀಗುಜ್ಜೆ ಇಟ್ಟಳು. ಜರ್ಲಿನ್ ಇನ್ನೂ ಧೈರ್ಯ ತಂದುಕೊಳ್ಳುತ್ತಿದ್ದಳು. ಅಷ್ಟರಲ್ಲಿ ಆಕೆ ಮಗನ ಕಡೆ ತಿರುಗಿ ಕ್ವೆಯೋಲ್‌ನಲ್ಲಿ ಕೇಳಿದಳು:

"ಗ್ವಾಡೆಲೂಪ್ ಹುಡುಗಿ ವಿಷಯ ಇವಳಿಗೆ ಹೇಳಿದ್ಯೇನೋ? ಮುಂದಿನ ತಿಂಗಳು ಅವಳ ಜೊತೆ ಮದುವೆ ಇಟ್ಕೊಂಡು..."

"ಇವತ್ತು ಬೇಡಮ್ಮ. ನಗ್ತಾ ಊಟ ಮಾಡ್ತಿದ್ದಾಳೆ, ಮಾಡ್ಲಿ."

ಹೇಳಿ ಅವನು ಜರ್ಲಿನ್‌ಳತ್ತ ನೋಡಿ ನಕ್ಕ. ಅವಳು ನಗಲಿಲ್ಲ. ಚಮಚ ಕೆಳಗಿಟ್ಟು ಕ್ವೆಯೋಲ್‌ನಲ್ಲೇ ಕೇಳಿದಳು:

"ಯಾವ ತಾರೀಕಮ್ಮ?"

ಮಾ ಎಲ್ವೀರಾಳ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

ಜರ್ಲಿನ್ ಎದ್ದು ಹೊರಬಂದಳು. ಅಂಗಳದಲ್ಲಿ ಫಿಲ್ಬರ್ಟ್ ಅವಳ ಕೈ ಹಿಡಿದ. "ಆ ದ್ವೀಪದಲ್ಲಿ ಕೆಲಸ ಇದೆ ಜರ್ಲಿನ್. ಅವಳನ್ನ ಮದುವೆಯಾದ್ರೆ ಅಲ್ಲೇ ಇರೋಕೆ ಕಾಗದಪತ್ರ ಸಿಗುತ್ತೆ. ನಾನು ಪ್ರೀತಿಸೋದು ನಿನ್ನನ್ನೇ."

"ಹಾಗಾದ್ರೆ ಹೋಗ್ಬೇಡ."

ಅವನು ತಲೆ ತಗ್ಗಿಸಿದ. ಅವಳು ಕಾದಳು. ಕೊನೆಗೆ ಅವಳೇ ಕೈ ಬಿಡಿಸಿಕೊಂಡಳು.

ಬಾಗಿಲಲ್ಲಿ ಮಾ ಎಲ್ವೀರಾ ಕಣ್ಣೊರೆಸಿಕೊಳ್ಳುತ್ತಿದ್ದಳು. "ನಮ್ಮ ಮಾತು ಬರುತ್ತೆ ಅಂತ ಮೊದಲೇ ಹೇಳ್ಬಾರ್ದಿತ್ತಾ, ಮಗಳೇ?"

"ಇವತ್ತು ಹೇಳೋಣ ಅಂತಲೇ ಬಂದೆ."

ಬಸ್ಸಿನಲ್ಲಿ ಪಕ್ಕದ ಹೆಂಗಸು ಕ್ವೆಯೋಲ್‌ನಲ್ಲಿ ಮಾತಿಗೆಳೆದಳು. "ಎಲ್ಲಿಗಮ್ಮಾ?"

"ಮನೆಗೆ. ವೆಸ್ಲಿಗೆ."

"ವೆಸ್ಲಿಯವಳಾ! ಎಷ್ಟು ಚೆನ್ನಾಗಿ ಮಾತಾಡ್ತೀಯೇ! ಯಾರಿಗೋಸ್ಕರ ಕಲಿತೆ?"

ಜರ್ಲಿನ್ ಕಿಟಕಿಯತ್ತ ತಿರುಗಿದಳು. ಹೆಂಗಸು ಅವಳ ಹೆಗಲು ಅದುರುವುದನ್ನು ಕಂಡು ತನ್ನ ಕರವಸ್ತ್ರವನ್ನು ಅವಳ ಮಡಿಲಲ್ಲಿಟ್ಟಳು.