ಖಾಲಿ ಬಿಟ್ಟ ಪಿನ್ನು

"ಸರ, ನಿಮ್ಮ ಎಲ್‌ಇಡಿ ದೀಪಕ್ಕ ಏನಾಗ್ಯಾದ್ರಿ? ನಾ ಕೈ ಹತ್ರ ತಂದ್ರ ಹತ್ತತದ, ಸರಿಸಿದ್ರ ಆರ್ತದ!" ಅಂತ ಕೇಳಿದೆ.

ನಾಗಸೇನ ಸರ ತಲಿ ಕೆರಕೊಂಡ್ರು. ಬೀದರದ ಪಾಲಿಟೆಕ್ನಿಕ್‌ದಾಗ ನಾವಿಬ್ರೂ ಎಲೆಕ್ಟ್ರಾನಿಕ್ಸ್ ಕಲಿಸ್ತೇವಿ. ನಾಳಿನ ಲ್ಯಾಬಿಗಿ ಅವರು ಎರಡು ಬೋರ್ಡ್ ಮಾಡಿದ್ರು. ಒಂದ್ರಾಗ ಬೈಪೋಲಾರ್ ಟ್ರಾನ್ಸಿಸ್ಟರಿನ ಹಳೇ ಟಿಟಿಎಲ್ ಚಿಪ್ಪು, ಸುಮ್ಮ ಕುಂತ್ರೂ ಕರೆಂಟ್ ತಿಂತದ. ಇನ್ನೊಂದ್ರಾಗ ಸಿಮಾಸ್ ಅನ್ನೋ ಹೊಸಾ ನಮೂನಿ ಚಿಪ್ಪು, ಕೆಲಸ ಇಲ್ಲಂದ್ರ ಕರೆಂಟ್ ಮುಟ್ಟೋದೇ ಇಲ್ಲ ಅನ್ನಬೇಕು. ಮೊಬೈಲ್‌ದಾಗೆಲ್ಲ ಈಗ ಅದರದೇ ರಾಜ್ಯ.

"ಎರಡ್ರಾಗೂ ಒಂದೊಂದು ಇನ್‌ಪುಟ್ ಪಿನ್ ವೈರ್ ಹಚ್ಚದ ಖಾಲಿ ಬಿಟ್ಟೀರಿ," ಅಂದೆ.

"ಟಿಟಿಎಲ್‌ದಾಗ ನಡೀತದಲ್ರಿ, ಮೇಡಂ?"

"ಅದು ಪಾಪ, ಏನೂ ಹೇಳದಿದ್ರ 'ಹೌದು' ಅಂತ ತಿಳಕೋತದ. ಸಿಮಾಸ್ ಹಂಗಲ್ರಿ. ಹೌದೋ ಅಲ್ಲೋ ಬಿಚ್ಚಿ ಹೇಳಬೇಕು. ಇಲ್ಲಂದ್ರ ಹಿಂಗ ಕುಣಿತದ."

ಹೇಳ್ತಾ ಹೇಳ್ತಾ ನನಗ ಸಿಟ್ಟು ನೆತ್ತಿಗಿ ಏರ್ತು. ಬರೋ ಐತಾರ ಔರಾದದ ನಮ್ಮ ಮನಿಗಿ ನನ್ನ ನೋಡಲಿಕ್ಕ ವರ ಬರಾವ. ಎದುರಿಗಿ ನಿಂತ ಈ ಮನುಷ್ಯಾ ದಿನಾ ಸಂಜಿ ಔರಾದ ಬಸ್ಸಿನ ಕಿಡಕಿಯಿಂದ ರುಮಾಲ ಒಳಗ ಒಗದು ನನಗ ಸೀಟ್ ಹಿಡೀತಾರ, ನನ್ನ ಬಸ್ ಹೊಂಟ ಮ್ಯಾಲೇ ತಮ್ಮ ಭಾಲ್ಕಿ ಬಸ್ ಹತ್ತತಾರ. ಬಾಯಿ ಮಾತ್ರ ಬಿಚ್ಚಂಗಿಲ್ಲ!

"ಐತಾರ ಯಾರೋ ಬರ್ತಾರಂತಲ್ರಿ?" ಅವರ ದನಿ ಸಣ್ಣದಾತು.

"ಬರ್ತಾರ. ಏನ್ ಹೇಳಲಿ ಅಂತ ಅವ್ವ ಕೇಳ್ಲಿಕತ್ತಾಳ."

"ನನ್ನ ಮನಸು ನಿಮಗ ಗೊತ್ತದಲ್ರಿ..."

"ಯಾರ್ ಹೇಳ್ಯಾರ್ರಿ? ನಾ ಏನ್ ಟಿಟಿಎಲ್ ಇದ್ದೇನೇನು?"

ಅವರು ಫಕ್ಕನೆ ನಕ್ರು. ಆಮ್ಯಾಲ ನನ್ನ ಮಾರಿ ನೋಡಿ ನಗೋದು ಬಿಟ್ರು. ಒಂದು ಕೆಂಪು ವೈರ್ ತಗೊಂಡು ಸಿಮಾಸಿನ ಖಾಲಿ ಪಿನ್ನಿಗಿ ಐದು ವೋಲ್ಟ್ ಕೊಟ್ರು, ಅಂದ್ರ 'ಹೌದು' ಅಂತ ಹೇಳಿದಂಗ. ಎಲ್‌ಇಡಿ ಕುಣಿಯೋದು ಬಿಟ್ಟು ನಿಚ್ಚಳ ಹತ್ತಿತು.

"ನೀವಂದ್ರ ನನಗ ಭಾಳ ಪ್ರೀತಿ, ಮೇಡಂ. ನನ್ನ ಲಗ್ನ ಆಗ್ತೀರೇನು?"

"ಲಗ್ನಾ ಕೇಳುವಾಗೂ ಮೇಡಂ ಏನ್ರಿ?"

"ಮಾಯಾ," ಅಂದ್ರು. ಕಿವಿ ಕೆಂಪಗಾಗಿದ್ವು.

"ಆಗ್ತೇನ್ರಿ," ಅಂದೆ. ಕಣ್ಣಾಗ ನೀರು, ಮಾರಿ ತುಂಬ ನಗಿ. ಅಲ್ಲೇ ಅವ್ವಗ ಫೋನ್ ಹಚ್ಚಿ, ಆ ವರಗ ಬರಬ್ಯಾಡಂತ ಹೇಳಸ್ದೆ.

ಸಂಜಿ ಎಂದಿನಂಗ ರುಮಾಲ ಒಗದು ಸೀಟ್ ಹಿಡದ್ರು. ದಿನಾ ನಾ ಅದನ್ನ ಕಿಡಕಿಯಿಂದ ತಿರುಗಿ ಕೊಡ್ತಿದ್ದೆ. ಇವತ್ತ ಮಡಚಿ ಪರ್ಸಿನಾಗ ಇಟ್ಟೆ.

"ರುಮಾಲ ಕೊಡ್ರಿ," ಅಂತ ಕೆಳಗ ನಿಂತು ಕೈ ಚಾಚಿದ್ರು.

ಬಸ್ ಹೊಂಟಿತು.

"ಐತಾರ ನಿಮ್ಮ ಅವ್ವನ ಕರಕೊಂಡು ಔರಾದಕ್ಕ ಬರ್ರಿ," ಅಂತ ಒದರಿದೆ. "ಅಲ್ಲೇ ಕೊಡ್ತೇನಿ!"