ನಾಲ್ಕು ವರ್ಷ, ಒಂದು ದಿನ

"ಈ ತಾರೀಖು ಟೈಪ್ ಮಾಡಿದ್ದು ಯಾರು?"

ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಪ್ರೋಗ್ರಾಮರ್ ಹಾಗೆ ಕೇಳಿದಾಗ ಎಲ್ಲರೂ ಅವಳತ್ತ ತಿರುಗಿದರು.

"ನಾನೇ..."

"ಹಾಗಾದ್ರೆ ತಪ್ಪು ನಿಮ್ಮದೇ, ಮೇಡಂ."

ಮೇಡಂ! ದಿನಾ ಮಧ್ಯಾಹ್ನ ಅವಳ ಊಟದ ಡಬ್ಬಿಗೆ ಕೈ ಹಾಕಿ, 'ಡಬ್ಬಿಕಳ್ಳ' ಎಂದು ಬೈಸಿಕೊಂಡು ನಗುತ್ತಿದ್ದವನು ಇವನೇ. ಗಾಯದ ಮೇಲೆ ಬರೆ ಎಳೆದಂತಾಯಿತು ಅವಳಿಗೆ.

ಅಪ್ಪ ತೀರಿಕೊಂಡು ವಾರವೂ ಆಗಿರಲಿಲ್ಲ. ಎದೆಯೊಳಗಿದ್ದ ಪೇಸ್‌ಮೇಕರ್‌ನ ಬ್ಯಾಟರಿ ಮುಗಿದುಹೋಗಿತ್ತು. ಅದನ್ನು ಬದಲಿಸುವ ತಾರೀಖು ಹತ್ತಿರ ಬಂದಾಗ ಪ್ರೋಗ್ರಾಂ ತಾನಾಗಿಯೇ ಮನೆಗೆ ಸಂದೇಶ ಕಳಿಸಬೇಕಿತ್ತು. ಕಳಿಸಲಿಲ್ಲ. ಕಾಗದದ ಫೈಲಿನಲ್ಲಿ ಈ ವರ್ಷವಿತ್ತು, ಪರದೆಯ ಮೇಲೆ ನಾಲ್ಕು ವರ್ಷ ಆಚೆಯದು. ಅವಳು ಟೈಪ್ ಮಾಡಿದ ಎಕ್ಸೆಲ್ ಹಾಳೆಯನ್ನು, ಅಲ್ಲಿನ ಪದ್ಧತಿಯಂತೆ, ಪ್ರೋಗ್ರಾಂಗೆ ಏರಿಸಿದ ಮೇಲೆ ಅಳಿಸಿಹಾಕಿದ್ದರು; ತಾನು ಏನು ಬರೆದಿದ್ದಳೆಂದು ತೋರಿಸಲು ಅವಳ ಬಳಿ ಏನೂ ಉಳಿದಿರಲಿಲ್ಲ.

'ಸಂದೇಶ ಬರತ್ತಪ್ಪ, ನಾನೇ ಬರೆದಿದೀನಲ್ಲ' ಅಂತ ಅಪ್ಪನಿಗೆ ಅಂದಿದ್ದೆನಲ್ಲ...

"ಅಪ್ಪನ ತಾರೀಖೂ ನೆಟ್ಟಗೆ ಬರೆಯೋಕಾಗ್ಲಿಲ್ವಾ ನಿಂಗೆ?" ಎಂದ ಅಣ್ಣ ಆಮೇಲೆ ಅವಳೊಡನೆ ಮಾತು ಬಿಟ್ಟ. ಅಮ್ಮ ಬೈಯಲೂ ಇಲ್ಲ. ಅದೇ ಅವಳನ್ನು ಹೆಚ್ಚು ಸುಟ್ಟಿತು.

ಹಲವು ವಾರ ಕಳೆದವು. ಒಂದು ಸಂಜೆ ಆ ಪ್ರೋಗ್ರಾಮರ್ ಆಸ್ಪತ್ರೆಯ ಹಿಂಬದಿಯ ಮೆಟ್ಟಿಲ ಬಳಿ ಅವಳಿಗಾಗಿ ಕಾದು ನಿಂತಿದ್ದ.

"ತಪ್ಪು ನಿಂದಲ್ಲ... ನಂದು."

ಅವಳು ಇಳಿಯುತ್ತಿದ್ದ ಮೆಟ್ಟಿಲಲ್ಲೇ ನಿಂತಳು.

"ಉಳಿದವರ ಫೈಲು ತಾಳೆ ನೋಡ್ದೆ. ನಿನ್ನ ಹೊಸ ಕಂಪ್ಯೂಟರ್‌ನಿಂದ ಬಂದ ಪ್ರತಿ ತಾರೀಖೂ ನಾಲ್ಕು ವರ್ಷ, ಒಂದು ದಿನ ಮುಂದೆ ಹೋಗಿದೆ. ಕೈತಪ್ಪಿಗೆ ಇಷ್ಟು ಶಿಸ್ತು ಇರಲ್ಲ. ಹಾಳೆಯೊಳಗೆ ಇರೋದು ತಾರೀಖಲ್ಲ, ದಿನಗಳ ಎಣಿಕೆ. ಹಳೇ ಯಂತ್ರ ಎಣಿಸೋಕೆ ಶುರು ಮಾಡೋದು 1904ರಿಂದ, ಹೊಸದು 1900ರಿಂದ. ಯಾವುದು ಅಂತ ನೋಡಿ ಓದಬೇಕಿತ್ತು. ನನ್ನ ಪ್ರೋಗ್ರಾಂ ಎಲ್ಲವನ್ನೂ ಹಳೇದರ ಹಾಗೇ ಓದಿಬಿಡ್ತು."

"ಬೇರೆಯವರು... ಬದುಕಿದಾರಾ?"

"ಬದುಕಿದಾರೆ. ಎಲ್ಲರನ್ನೂ ಕರೆಸ್ತಿದಾರೆ. ಮ್ಯಾನೇಜರ್‌ಗೆ ಬರೆದುಕೊಟ್ಟೆ, ನನ್ನ ಕೆಲಸ ಹೋಯ್ತು."

ಅವನು ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. 'ಅಪ್ಪನನ್ನು ನನ್ನಿಂದ ಕಿತ್ತುಕೊಂಡವನೂ ಇವನೇ, ಆ ಭಾರ ನನ್ನ ತಲೆಯಿಂದ ಇಳಿಸಿದವನೂ ಇವನೇ... ಇಷ್ಟಾದರೂ ಇವನು ಬೇಕು ಅನ್ನಿಸುತ್ತಿದೆಯಲ್ಲ!' ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಮೆಟ್ಟಿಲ ಮೇಲೆ ಕುಸಿದು ಕೂತು ಬಿಕ್ಕಿಬಿಕ್ಕಿ ಅತ್ತಳು. ಅವನು ಮುಟ್ಟಲಿಲ್ಲ, ಹೋಗಲೂ ಇಲ್ಲ.

"ಇದನ್ನ ನಮ್ಮನೇಲಿ ಹೇಳ್ತೀಯಾ?" ಕೊನೆಗೆ ಕೇಳಿದಳು.

"ಈಗಲೇ."

ಮನೆಯ ಬಾಗಿಲ ಮುಂದೆ ಅವನು ಚಪ್ಪಲಿ ಬಿಟ್ಟು ನಿಂತ.

"ಅಣ್ಣ ಕೈ ಮಾಡಬಹುದು," ಎಂದಳು.

"ಮಾಡ್ಲಿ."

"ನಾನು ತಡೆಯಲ್ಲ."

"ತಡೀಬೇಡ."

ಅವಳು ಕರೆಗಂಟೆ ಒತ್ತಿದಳು. ಒಳಗೆ ಅಣ್ಣನ ಹೆಜ್ಜೆ ಸಪ್ಪಳ ಹತ್ತಿರವಾಯಿತು. ಅವಳ ಕೈ ಅವನ ಕೈಯನ್ನು ಹುಡುಕಿ ಹಿಡಿಯಿತು.

"ಎಷ್ಟೇ ಬೈದ್ರೂ ಎದ್ದು ಹೋಗ್ಬೇಡ, ಡಬ್ಬಿಕಳ್ಳ... ನಂಗೆ ನೀನು ಬೇಕು."

"ಹೋಗಲ್ಲ."