ಕೆನ್ನೆಪಟ್ಟಿ

ಡಾ. ಮಂದಾಕಿನಿ ಮುಳಗುಂದ ತಿಪ್ಪಣ್ಣನ ಕಿವಿಯ ಮುಂದೆ, ದವಡೆ ಅಲುಗುವ ಜಾಗದಲ್ಲಿ ಆ ತೆಳ್ಳನೆಯ ಪಟ್ಟಿಯನ್ನು ಅಂಟಿಸಿದ ಅರ್ಧ ನಿಮಿಷಕ್ಕೆ ಅವನ ರಕ್ತದೊತ್ತಡ ಇಳಿಯತೊಡಗಿತು. ನೂರಾ ತೊಂಬತ್ತೆಂಟು ಇದ್ದದ್ದು ನೂರಾ ಎಪ್ಪತ್ತಾಯಿತು, ನೂರಾ ನಲವತ್ತಾಯಿತು. ಕಡೆಗೆ ಪರದೆಯ ಕೆಂಪು ಅಂಕಿ ನೂರಾ ಇಪ್ಪತ್ನಾಲ್ಕಕ್ಕೆ ನಿಂತು ಹಸಿರಾಯಿತು.

“ನೋಡ್ರಿ ಈರವ್ವಾರ, ಅಂಜಿಕಿ ಹೋತು. ಇನ್ನ ಕಾಯೂದು ಬ್ಯಾಡ,” ಅಂದರು ಡಾಕ್ಟರು. ಕೆನ್ನೆಪಟ್ಟಿಯನ್ನು ಕಂಡುಹಿಡಿದವರೂ ಅವರೇ.

ಮೂಲೆಯಲ್ಲಿ ಕೂತಿದ್ದ ಈರವ್ವನಿಗೆ ನಂಬಿಕೆ ಬರಲಿಲ್ಲ. ಹಲ್ಲಿನ ಡಾಕ್ಟರೆಂದರೆ ಗಂಡನಿಗೆ ಜೀವ ಬಾಯಿಗೆ ಬರುತ್ತಿತ್ತು. ಒತ್ತಡ ಇಷ್ಟಿದ್ದರೆ ಹಲ್ಲು ಕೀಳುವಂತಿಲ್ಲ ಎಂದು ಮೂರು ಸಲ ಬೇರೆ ಬೇರೆ ದವಾಖಾನೆಯವರು ಮನೆಗೆ ಕಳಿಸಿದ್ದರು. ಈಗ ಕೆನ್ನೆ ಊದಿಕೊಂಡಿತ್ತು. ಕೀವು ಕುತ್ತಿಗೆಗೆ ಇಳಿದರೆ ಮನುಷ್ಯ ಉಳಿಯುವುದಿಲ್ಲ ಎಂದು ಡಾಕ್ಟರು ಸ್ಪಷ್ಟವಾಗಿಯೇ ಹೇಳಿದ್ದರು.

“ಅದು ಏನ್ ಮಾಡ್ತೈತ್ರಿ, ಬಾಯಾರ?”

“ಮುಖದ ನರಕ್ಕ ಸಣ್ಣ ಸಣ್ಣ ವಿದ್ಯುತ್ ಮಿಡಿತ ಕೊಡ್ತೈತ್ರಿ. ಆ ಸುದ್ದಿ ಮಿದುಳಿನ ಬುಡಕ್ಕ ಹೋಗ್ತೈತಿ. ಎದಿಬಡಿತ, ರಕ್ತನಾಳದ ಬಿಗಿತ ಎಲ್ಲಾ ಅಲ್ಲಿಂದನ ನಡ್ಯೂದು. ಏನೂ ಆಗಿಲ್ಲ ಅಂತ ಅದಕ್ಕ ತಿಳಸ್ತೈತಿ.”

“ಅಂದ್ರ ಸುಳ್ಳು ಹೇಳ್ತೈತೇನ್ರಿ?”

“ಸುಳ್ಳಲ್ರಿ, ಸಮಾಧಾನ,” ಎಂದು ಡಾಕ್ಟರು ನಕ್ಕರು. ತಿಪ್ಪಣ್ಣನ ಮುಖಕ್ಕೆ, ಬಾಯಷ್ಟೇ ಕಾಣುವಂತೆ, ನೀಲಿ ಬಟ್ಟೆ ಹೊದಿಸಿದರು. “ಕಾಕಾರ, ಏನರ ತ್ರಾಸಾದ್ರ ಎಡಗೈ ಎತ್ತರಿ,” ಎಂದು ಒಸಡಿಗೆ ಜೋಮಿನ ಸೂಜಿ ಚುಚ್ಚಿ, ಬದಿಗೆ ಹತ್ತಿಯ ಉಂಡೆ ಇಟ್ಟರು.

ಈರವ್ವ ಗಂಡನ ಕಾಲುಗಳನ್ನೇ ನೋಡುತ್ತಿದ್ದಳು. ೨೦೬೧ರ ಬೆಟಗೇರಿಯಲ್ಲಿ ಉಳಿದಿದ್ದ ಒಂಬತ್ತು ಕುಣಿಮಗ್ಗಗಳಲ್ಲಿ ಅವನದೂ ಒಂದು. ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು, ಎಡದ ಹಲಗೆ ಒಮ್ಮೆ ಬಲದ ಹಲಗೆ ಒಮ್ಮೆ ತುಳಿಯುತ್ತ ನಲವತ್ತು ವರ್ಷ ನೇಯ್ದಿದ್ದ. ಅಂಜಿದಾಗೆಲ್ಲ ಅವನ ಕಾಲು ಹಾಗೇ ಆಡುತ್ತಿತ್ತು. ಮಗಳ ಹೆರಿಗೆಯ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಗಾಳಿಯಲ್ಲೇ ಒಂದು ಮಾರು ನೇಯ್ದಿದ್ದನೇನೋ! ಈಗಲೂ ಆಡುತ್ತಿತ್ತು, ಎಡ, ಬಲ, ಎಡ, ಬಲ. ಅಂಜಿಕೆ ಎಲ್ಲಿಗೂ ಹೋಗಿರಲಿಲ್ಲ. ಪರದೆಗೆ ಅದು ಕಾಣುತ್ತಿರಲಿಲ್ಲ, ಅಷ್ಟೇ. ಇದು ಹೊಳೆದದ್ದೇ ಈರವ್ವ ಕೂತಲ್ಲಿಂದ ಎದ್ದು ನಿಂತಳು.

ತಿಪ್ಪಣ್ಣ ಮೂರು ಸಲ ಕೈ ಎತ್ತಿದ. ಮೂರು ಸಲವೂ ಡಾಕ್ಟರು ಪರದೆ ನೋಡಿದರು. “ನೂರಾ ಇಪ್ಪತ್ನಾಕ ಐತ್ರಿ ಕಾಕಾರ, ಅಂಜಬ್ಯಾಡ್ರಿ,” ಎಂದು ಕೈಯನ್ನು ಮೆಲ್ಲಗೆ ಕೆಳಗಿಟ್ಟರು. ನಾಲ್ಕನೆಯ ಸಲ ಅವನು ಕೈ ಎತ್ತಿದಾಗ ಅವರು ತಟ್ಟೆಯ ಕಡೆ ತಿರುಗಿ ಇಕ್ಕಳ ಹುಡುಕುತ್ತಿದ್ದರು. ತಲೆಯೆತ್ತಿ ಪರದೆಯತ್ತ ಒಮ್ಮೆ ಕಣ್ಣು ಹಾಯಿಸಿದರು. ಹಸಿರೇ ಇತ್ತು.

ಆಗ ಕಾಲುಗಳ ಲಯ ತಪ್ಪಿತು. ಎರಡೂ ಪಾದಗಳು ಒಟ್ಟಿಗೆ ಒತ್ತಿದವು, ಒತ್ತಿಕೊಂಡೇ ಉಳಿದವು. ಎರಡೂ ಹಲಗೆ ಒಟ್ಟಿಗೆ ತುಳಿದರೆ ಲಾಳಿಗೆ ದಾರಿ ತೆರೆಯುವುದಿಲ್ಲ, ಎಳೆ ಹರಿಯುತ್ತದೆ. ಯಾವ ನೇಕಾರನೂ ಹಾಗೆ ತುಳಿಯುವವನಲ್ಲ.

“ಕಾಲ ನೋಡ್ರಿ! ಬಾಯಾರ, ಅವರ ಕಾಲ ನೋಡ್ರಿ!” ಈರವ್ವ ಚೀರುತ್ತಲೇ ಹೋಗಿ ನೀಲಿ ಬಟ್ಟೆ ಕಿತ್ತೆಸೆದಳು.

ತುಟಿ ಕಪ್ಪಿಟ್ಟಿತ್ತು, ಕಣ್ಣು ಮೇಲಾಗಿದ್ದವು. ಒಸಡಿನ ಬದಿಗಿಟ್ಟ ಹತ್ತಿಯ ಉಂಡೆ ಜಾರಿ ಗಂಟಲಿಗೆ ಸಿಕ್ಕಿತ್ತು. ಡಾಕ್ಟರು ಅವನನ್ನು ಪಕ್ಕಕ್ಕೆ ಹೊರಳಿಸಿ, ಬೆರಳಿನಿಂದಲೇ ಅದನ್ನು ಎಳೆದು ತೆಗೆದರು. ತಿಪ್ಪಣ್ಣ ದೊಡ್ಡದಾಗಿ ಉಸಿರೆಳೆದು ಕೆಮ್ಮಿದ. ಈರವ್ವ ಅವನ ತಲೆಯನ್ನು ಎದೆಗೊತ್ತಿಕೊಂಡು ಅತ್ತಳು.

ಪರದೆಯಲ್ಲಿ ಈಗಲೂ ನೂರಾ ಇಪ್ಪತ್ನಾಲ್ಕೇ ಇತ್ತು.

ಡಾಕ್ಟರು ಪರದೆಯಲ್ಲಿ ಒತ್ತಡದ ಗೆರೆಯನ್ನು ಹಿಂದಕ್ಕೆ ಸರಿಸಿ ನೋಡಿದರು. ಉಸಿರು ನಿಂತ ಹೊತ್ತಿನಲ್ಲೂ ಅದು ಒಂದು ಕೂದಲೆಳೆಯಷ್ಟು ಏರಿರಲಿಲ್ಲ. ಹಳೆಯ ಒಂದೊಂದೇ ರೋಗಿಯ ಗೆರೆ ತೆಗೆದರು. ಎಲ್ಲವೂ ನೆಟ್ಟಗಿದ್ದವು. ಆ ಗೆರೆಗಳನ್ನು ತೋರಿಸಿಯೇ ಅವರು ಊರೂರ ಡಾಕ್ಟರರ ಸಭೆಗಳಲ್ಲಿ ಚಪ್ಪಾಳೆ ಗಿಟ್ಟಿಸಿದ್ದರು. ಸ್ಟೂಲಿನ ಮೇಲೆ ಕೂತರು.

“ಸಾವಿರದ ನೂರಾ ನಲವತ್ತು ಮಂದಿ, ಈರವ್ವಾರ. ಅವರೂ ಕೈ ಎತ್ತಿದ್ರು. ನಾ ಒಬ್ಬರದೂ ನೋಡಲಿಲ್ಲ.”

ಈರವ್ವ ಗಂಡನ ಊದಿದ ಕೆನ್ನೆ ತೋರಿಸಿದಳು. “ಹಲ್ಲು ಇನ್ನೂ ಒಳಗ ಐತಲ್ರಿ,” ಅಂದಳು.

ಡಾಕ್ಟರು ಪಟ್ಟಿಯನ್ನು ಕಿತ್ತು ತಟ್ಟೆಗೆ ಹಾಕಿದರು. ಅಂಕಿ ಮೇಲೇರಿ ನೂರಾ ತೊಂಬತ್ತೆರಡಾಗಿ ಕೆಂಪಾಯಿತು. ಈರವ್ವನಿಗೆ ಮಾತ್ರ ಆ ಕೆಂಪು ಕಂಡು ಎದೆ ಹಗುರಾಯಿತು. ಗಂಡ ಅಂಜಿದ್ದಾನೆಂಬುದು ಈಗ ಇನ್ನೊಬ್ಬರಿಗೂ ಕಾಣುತ್ತಿತ್ತು.

ಡಾಕ್ಟರು ಇಕ್ಕಳ ಬದಿಗಿಟ್ಟು ಸ್ಟೂಲನ್ನು ತಿಪ್ಪಣ್ಣನ ಹತ್ತಿರಕ್ಕೆ ಎಳೆದುಕೊಂಡರು. ಅವನ ಕಾಲು ಮತ್ತೆ ಆಡತೊಡಗಿತ್ತು.

“ಏನ್ ನೇಯಾಕತ್ತೀರಿ, ಕಾಕಾರ?”

“ಪತ್ತಲಾ ಸೀರಿ,” ಅಂದ ತಿಪ್ಪಣ್ಣ, ಜೋಮು ಹಿಡಿದ ನಾಲಿಗೆಯಲ್ಲಿ. “ಕೆಂಪಂಚಿಂದು.”

“ಅಂಚಿಗೆ ಎಷ್ಟು ಎಳಿ ಹಿಡೀತಾವ?”

ಅವನು ಹೇಳಿದ. ಅವರು ಮತ್ತೆ ಕೇಳಿದರು. ಹೊರಗೆ ಕಾಯುತ್ತಿದ್ದವರು ಗೊಣಗತೊಡಗಿದರು. ಅಂಕಿ ನೂರಾ ಎಂಬತ್ತಾಯಿತು, ನೂರಾ ಅರವತ್ತಾಯಿತು. ಹಲ್ಲು ಕೀಳುವಷ್ಟು ಇಳಿಯಲು ಅರ್ಧ ಗಂಟೆ ಹಿಡಿಯಿತು. ಆ ಅರ್ಧ ಗಂಟೆಯನ್ನು ಉಳಿಸಲೆಂದೇ ಡಾಕ್ಟರು ಹನ್ನೆರಡು ವರ್ಷ ದುಡಿದು ಕೆನ್ನೆಪಟ್ಟಿ ಮಾಡಿದ್ದರು.